ಆಕ್ಸಲ್‌ಗೆ ಹಾಕಿದ ಬೆಸುಗೆ ಆರುವ ತನಕ

ಮಳೆಗಾಲ ಹಿಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳ ಗ್ಯಾರೇಜುಗಳಲ್ಲಿ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ತಗಡಿನ ಮಾಡಿನ ಮೇಲೆ ಹುಯ್ಯುವ ಮಳೆಗೆ ಪಕ್ಕದವರ ಮಾತು ಕೇಳಿಸದು. ಒಳಗೆ ಕೆಸರು ಮೆತ್ತಿದ ಜೀಪು ಹಿಂದಿನ ಚಕ್ರ ಕಳಚಿಕೊಂಡು ನಿಂತಿದೆ. ಷಾಕ್ ಅಬ್ಸಾರ್ಬರ್ ಹಿಡಿದುಕೊಂಡಿದ್ದ ಬ್ರಾಕೆಟ್ ಬುಡ ಸಮೇತ ಕಿತ್ತು ನೇತಾಡುತ್ತಿದೆ. ವೆಲ್ಡರ್ ಹೋಲ್ಡರಿಗೆ ರಾಡು ಸಿಕ್ಕಿಸುತ್ತಿದ್ದರೆ ಮಾಲೀಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅವಸರಿಸುತ್ತಿದ್ದಾನೆ: 'ನಾಳೆ ಬೆಳಿಗ್ಗೆ ಸಿಗಂದೂರು ಟ್ರಿಪ್ ಇದೆ ಮಾರಾಯ, ಎರಡು ಟಚ್ ಕೊಟ್ಟು ಬಿಡು.'

ನೀಲಿ ಬೆಳಕು ಚಿಮ್ಮುತ್ತದೆ, ಹೊಗೆ ಏಳುತ್ತದೆ. ಹತ್ತು ನಿಮಿಷಕ್ಕೆ ಬ್ರಾಕೆಟ್ ಕೂರುತ್ತದೆ. ಬಕೆಟ್ಟಿನಿಂದ ಒಂದು ಮಗ್ ನೀರು ಸುರಿದು ಆರಿಸಿ, ಚಕ್ರ ಹಾಕಿ, ಗಾಡಿ ಹೊರಟೇಬಿಡುತ್ತದೆ.

ಇದೇ ಬ್ರಾಕೆಟ್ಟನ್ನು ಗೇಟಿಗೋ ಅಡಿಕೆ ಒಣಹಾಕುವ ಕಬ್ಬಿಣದ ಚಪ್ಪರಕ್ಕೋ ಬೆಸೆದಿದ್ದರೆ ಚಿಂತೆ ಇರಲಿಲ್ಲ. ಬೆಸೆದದ್ದು ಆಕ್ಸಲ್‌ಗೆ. ಗಾಡಿಯ ಭಾರ, ಬ್ರೇಕಿನ ಎಳೆತ, ಎಂಜಿನ್ನಿನ ತಿರುಚು ಎಲ್ಲವೂ ಬಂದು ಸೇರುವ ಜಾಗ ಅದು. ಅಲ್ಲಿ ಬೆಸುಗೆ ಹಾಕುವುದು ಹತ್ತು ನಿಮಿಷದ ಕೆಲಸವಲ್ಲ. ಸರಿಯಾಗಿ ಮಾಡಿದರೆ ಅರ್ಧ ದಿನ ಬೇಕು, ಕೆಲವೊಮ್ಮೆ ಪೂರ್ತಿ ದಿನ. ಆ ಸಮಯ ಹೋಗುವುದು ಎಲ್ಲಿಗೆ ಎಂಬುದನ್ನು ಗಾಡಿ ಇಟ್ಟುಕೊಂಡವರೂ ಅದರಲ್ಲಿ ಕೂತು ಹೋಗುವವರೂ ತಿಳಿದುಕೊಂಡಿರಬೇಕು.

ಈ ಸೀಮೆಯ ಗಾಡಿಗಳು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಶರಾವತಿಯ ಹಿನ್ನೀರು ಕರೂರು, ಬಾರಂಗಿ ಹೋಬಳಿಗಳನ್ನು ಸಾಗರದಿಂದ ಬೇರ್ಪಡಿಸಿತು. ದಶಕಗಳ ಕಾಲ ಸಿಗಂದೂರಿಗೆ, ತುಮರಿಗೆ ಹೋಗುವ ಗಾಡಿಗಳು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದು ನಿಲ್ಲುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸೇತುವೆ ಲೋಕಾರ್ಪಣೆಯಾಯಿತು. ಈಗ ಸಿಗಂದೂರಿನ ಚೌಡೇಶ್ವರಿಯ ದರ್ಶನ ಮುಗಿಸಿದ ಟೆಂಪೋ ಟ್ರಾವೆಲರ್, ಮಿನಿ ಬಸ್ಸು, ಬೊಲೆರೊಗಳು ಲಾಂಚಿನ ಸರದಿಗೆ ಕಾಯದೆ ನೇರವಾಗಿ ಕೊಡಚಾದ್ರಿ, ಕೊಲ್ಲೂರಿನ ಕಡೆಗೆ ತಿರುಗುತ್ತವೆ. ಸೇತುವೆ ನುಣುಪಾಗಿದೆ. ಅದರ ಆಚೆಗಿನ ಮಣ್ಣು ರಸ್ತೆಗಳೂ ಘಾಟಿಗಳೂ ಮೊದಲಿನಂತೆಯೇ ಇವೆ.

ಕೊಡಚಾದ್ರಿಯನ್ನೇ ತೆಗೆದುಕೊಳ್ಳಿ. 1,343 ಮೀಟರ್ ಎತ್ತರದ ಬೆಟ್ಟಕ್ಕೆ ಯಾತ್ರಿಕರನ್ನು ಹೊತ್ತು ಏರುವ ಜೀಪುಗಳು ಹತ್ತುವುದು ರಸ್ತೆಯನ್ನಲ್ಲ, ಕಲ್ಲು, ಕೊರಕಲು, ಕೆಸರನ್ನು. ಒಂದು ಚಕ್ರ ಬಂಡೆಯ ಮೇಲಿದ್ದರೆ ಇನ್ನೊಂದು ಗುಂಡಿಯಲ್ಲಿರುತ್ತದೆ. ಇಳಿಯುವಾಗ ಹೆಚ್ಚಿನ ಭಾರ ಮುಂದಿನ ಆಕ್ಸಲ್ ಮೇಲೆ. ಅತ್ತ ಹೊಸನಗರದಿಂದ ಕುಂದಾಪುರದ ಕಡೆ ಇಳಿಯುವ ಹುಲಿಕಲ್ ಘಾಟಿ, ಇತ್ತ ತೀರ್ಥಹಳ್ಳಿ ಕಡೆಯಿಂದ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ. ಕೆಂಪುಕಲ್ಲು ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಅಡಿಕೆ ಮೂಟೆ ತುಂಬಿದ ಪಿಕಪ್‌ಗಳು ವರ್ಷವಿಡೀ ಓಡುವ ದಾರಿಗಳು ಇವು.

ಇಲ್ಲಿ ಈಗಲೂ ಗಟ್ಟಿ ಆಕ್ಸಲ್ ಮತ್ತು ಪ್ಲೇಟುಗಳ (ಲೀಫ್ ಸ್ಪ್ರಿಂಗ್) ಗಾಡಿಗೇ ಮರ್ಯಾದೆ. ಮಹೀಂದ್ರದ ಹಳೆಯ ಕಮಾಂಡರ್, ಮೇಜರ್, ಎಂಎಂ 540 ಜೀಪುಗಳಲ್ಲಿ ಎರಡೂ ಆಕ್ಸಲ್‌ಗಳಿಗೆ ಪ್ಲೇಟುಗಳೇ ಇರುತ್ತವೆ. ಬೊಲೆರೊದಲ್ಲಿ ಹಿಂದಿನದಕ್ಕೆ ಮಾತ್ರ. ಪ್ಲೇಟ್ ಕಟ್ಟಾದರೆ ಬೇರೆ ಸಿಗುತ್ತದೆ, ಬುಷ್ ಸವೆದರೆ ಹೊಸದು ಹಾಕಬಹುದು. ಆಕ್ಸಲ್‌ಗೆ ಅಂಟಿಕೊಂಡಿರುವ ಬ್ರಾಕೆಟ್ಟೋ ಸ್ಪ್ರಿಂಗ್ ಸೀಟೋ ತುಕ್ಕು ತಿಂದು ಬಿರಿದಾಗ ಮಾತ್ರ ವೆಲ್ಡಿಂಗ್ ಅಂಗಡಿಯ ಬಾಗಿಲು ತಟ್ಟಬೇಕಾಗುತ್ತದೆ.

ಆಕ್ಸಲ್ ಹೊರುವುದೇನು?

ಹಿಂದಿನ ಆಕ್ಸಲ್ ಅಂದರೆ ಹೊರಗಿನಿಂದ ಕಾಣುವುದು ಒಂದು ಉದ್ದ ಕೊಳವೆ, ನಡುವೆ ಕುಂಬಳಕಾಯಿಯಷ್ಟು ದಪ್ಪದ ಉಬ್ಬು. ಉಬ್ಬಿನೊಳಗೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಾಲಿಗಳು, ಕೊಳವೆಯೊಳಗೆ ಚಕ್ರ ತಿರುಗಿಸುವ ಶಾಫ್ಟುಗಳು. ಗ್ಯಾರೇಜಿನವರು ಈ ಹೊರಗವಚವನ್ನು ಹೌಸಿಂಗ್ ಎನ್ನುತ್ತಾರೆ. ಕೊಳವೆಯ ಮೇಲೆ ಎರಡೂ ಕಡೆ ಬೆಸೆದಿರುವ ಚಪ್ಪಟೆ ಪೀಠವೇ ಸ್ಪ್ರಿಂಗ್ ಸೀಟು. ಪ್ಲೇಟಿನ ಕಟ್ಟು ಅದಕ್ಕೆ ಆತು ಕೂತು ಯು ಬೋಲ್ಟುಗಳಿಂದ ಬಿಗಿಯಾಗುತ್ತದೆ.

ಗಾಡಿಯ ಭಾರ ಪ್ಲೇಟಿನ ಮೂಲಕ ಸೀಟಿನ ಮೇಲೆ ಒತ್ತುತ್ತದೆ. ನೆಲ ಆ ಭಾರವನ್ನು ಹೊರಗಿನ ಚಕ್ರಗಳ ಬಳಿ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಕೊಳವೆ ಸದಾ ಕಣ್ಣಿಗೆ ಕಾಣದಷ್ಟು ಕೆಳಕ್ಕೆ ಬಾಗಿರುತ್ತದೆ. ಅದರ ಮೇಲ್ಮೈ ಒತ್ತಲ್ಪಡುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಪ್ರತಿ ಗುಂಡಿಗೂ ಈ ಎಳೆತ ಏರಿ ಇಳಿಯುತ್ತದೆ. ಜೊತೆಗೆ ಕ್ಲಚ್ ಬಿಟ್ಟಾಗ, ಬ್ರೇಕ್ ಒತ್ತಿದಾಗ ಇಡೀ ಆಕ್ಸಲ್ ತನ್ನ ಸುತ್ತಲೇ ತಿರುಗಿಬಿಡಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವುದು ಸೀಟು ಮತ್ತು ಯು ಬೋಲ್ಟುಗಳೇ.

ಹೀಗೆ ಲಕ್ಷಗಟ್ಟಲೆ ಸಲ ಎಳೆದು ಬಿಟ್ಟರೆ ಉಕ್ಕು ದಣಿಯುತ್ತದೆ. ಒಂದೇ ಹೊಡೆತಕ್ಕೆ ಮುರಿಯದ ಉಕ್ಕಿನಲ್ಲಿ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಹುಟ್ಟಿ ನಿಧಾನಕ್ಕೆ ಬೆಳೆಯುತ್ತದೆ. ಆ ಬಿರುಕು ಹುಟ್ಟುವ ಮೆಚ್ಚಿನ ಜಾಗ ಬೆಸುಗೆಯ ಅಂಚು: ಹೊಸ ಲೋಹ ನಿಂತು ಹಳೆಯ ಲೋಹ ಶುರುವಾಗುವ ಗೆರೆ. ಅಲ್ಲಿ ರಾಡು ಕಚ್ಚಿ ಸಣ್ಣ ಕಾಲುವೆ ಬಿದ್ದಿದ್ದರೆ, ಒಳಗೆ ಕಿಟ್ಟ ಸಿಕ್ಕಿಕೊಂಡಿದ್ದರೆ ಬಿರುಕಿನ ಕೆಲಸ ಇನ್ನೂ ಸುಲಭ. ಆದ್ದರಿಂದಲೇ ಬಲ್ಲ ವೆಲ್ಡರ್‌ಗಳು ಕೊಳವೆಯ ಎಳೆಯಲ್ಪಡುವ ಕೆಳಮೈಯಲ್ಲಿ ಅಡ್ಡಡ್ಡ ಬೆಸುಗೆ ಹಾಕುವುದಿಲ್ಲ. ಸೀಟಿನ ಎರಡು ಪಕ್ಕಗಳಲ್ಲಿ ಕೊಳವೆಯ ಉದ್ದಕ್ಕೆ ಸರಿಯಾಗಿ ಹಾಕುತ್ತಾರೆ. ಬಳೆ ತೊಡಿಸಿದಂತೆ ಸುತ್ತಲೂ ಬೆಸೆದರೆ ಗಟ್ಟಿ ಎಂಬುದು ನೋಡಿದವರ ನಂಬಿಕೆ ಅಷ್ಟೇ. ಸುತ್ತ ಬಿದ್ದ ಗೆರೆಯೇ ಮುಂದೆ ಕೊಳವೆ ಕತ್ತರಿಸುವ ಗೆರೆಯೂ ಆಗಬಹುದು.

ಕಾಸಿದ ಉಕ್ಕು ಸುಮ್ಮನಿರುವುದಿಲ್ಲ

ಈ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಮೀಟರ್ ಉದ್ದದ ಉಕ್ಕಿನ ಸಲಾಕೆಯನ್ನು 100 ಡಿಗ್ರಿಯಷ್ಟು ಹೆಚ್ಚು ಕಾಸಿದರೆ ಅದು ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಆರಿದರೆ ಮತ್ತೆ ಮೊದಲಿನಷ್ಟಕ್ಕೆ ಬರುತ್ತದೆ. ಇಡೀ ಸಲಾಕೆ ಒಂದೇ ಸಮ ಕಾದರೆ ತೊಂದರೆಯಿಲ್ಲ. ಬೆಸುಗೆಯಲ್ಲಿ ಆಗುವುದೇ ಬೇರೆ. ರಾಡಿನ ತುದಿಯಲ್ಲಿ ಉಕ್ಕು ಕರಗುವುದು 1,500 ಡಿಗ್ರಿಯ ಆಸುಪಾಸಿನಲ್ಲಿ. ನಾಲ್ಕು ಬೆರಳು ಆಚೆಗೆ ಅದೇ ಕೊಳವೆಯನ್ನು ಕೈಯಲ್ಲಿ ಮುಟ್ಟಬಹುದು. ಕಾದ ಭಾಗ ಹಿಗ್ಗಲು ನೋಡುತ್ತದೆ, ತಣ್ಣಗಿರುವ ಸುತ್ತಲಿನ ಉಕ್ಕು ಬಿಡುವುದಿಲ್ಲ. ಮೆತ್ತಗಾದ ಲೋಹ ಅಲ್ಲೇ ಹಿಸುಕಿಕೊಂಡು ದಪ್ಪಗಾಗುತ್ತದೆ. ಆರುವಾಗ ಅದು ಕುಗ್ಗಲೇಬೇಕು. ಕುಗ್ಗುತ್ತ ತನ್ನ ಜೊತೆ ಕೊಳವೆಯನ್ನೂ ಎಳೆಯುತ್ತದೆ. ಬಿಸಿಲಿಗೆ ಹಾಕಿದ ಹಸಿ ಹಲಗೆ ಒಣಗಿದ ಮೈ ಕಡೆಗೇ ಬಾಗುವಂತೆ, ಆಕ್ಸಲ್ ಕೂಡ ಬೆಸುಗೆ ಬಿದ್ದ ಕಡೆಗೆ ಬಾಗುತ್ತದೆ.

ಎಷ್ಟು ಬಾಗಬಹುದು? ಕಣ್ಣಿಗೆ ಕಾಣುವಷ್ಟು ಬಾಗಬೇಕಾಗಿಯೇ ಇಲ್ಲ. ಒಂದೆರಡು ಮಿಲಿಮೀಟರ್ ಸಾಕು. ಕೊಳವೆಯೊಳಗಿನ ಶಾಫ್ಟ್ ನೇರವಾಗಿ ತಿರುಗಬೇಕಾದದ್ದು. ಹೊರಗವಚ ಬಾಗಿದರೆ ತುದಿಯ ಬೇರಿಂಗ್ ಓರೆಯಾಗುತ್ತದೆ. ಬೇರಿಂಗ್ ಬಿಸಿಯಾಗಿ ಸವೆಯುತ್ತದೆ, ಪಕ್ಕದ ಆಯಿಲ್ ಸೀಲ್ ಒಂದು ಬದಿಗೆ ಒತ್ತಿಕೊಂಡು ಹರಿಯುತ್ತದೆ. ಗೇರ್ ಆಯಿಲ್ ಡ್ರಮ್ಮಿಗೆ ಸೋರಿ ಬ್ರೇಕ್ ಶೂಗಳನ್ನು ನೆನೆಸುತ್ತದೆ. ಘಾಟಿಯ ತಿರುವಿನಲ್ಲಿ ಒಂದು ಚಕ್ರಕ್ಕೆ ಬ್ರೇಕ್ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆದಾಗ ಚಾಲಕ ಬೈಯುವುದು ಬ್ರೇಕಿನ ಕೆಲಸ ಮಾಡಿದವರನ್ನು. ಮೂಲ ಇರುವುದು ಎರಡು ತಿಂಗಳ ಹಿಂದಿನ ಆ ಹತ್ತು ನಿಮಿಷದ ಬೆಸುಗೆಯಲ್ಲಿ.

ಬಾಗದಂತೆ ಮಾಡುವ ದಾರಿ ಎಲ್ಲ ಅನುಭವಿ ವೆಲ್ಡರ್‌ಗಳಿಗೂ ಗೊತ್ತು. ಒಂದೇ ಉಸಿರಿಗೆ ಉದ್ದ ಗೆರೆ ಎಳೆಯಬಾರದು. ಒಂದು ಕಡೆ ಒಂದು ಇಂಚು, ಅದರ ಎದುರು ಬದಿಗೆ ಒಂದು ಇಂಚು, ಆಮೇಲೆ ಇನ್ನೊಂದು ಸೀಟಿಗೆ. ಹೀಗೆ ಹಂಚಿಕೊಂಡು ಹೋಗಬೇಕು. ನಡುವೆ ಬಿಡುವು ಕೊಡಬೇಕು. ಸೀಟಿನ ಬಳಿ ಕೊಳವೆ ತೀರ ಬಿಸಿಯಾಯಿತೆಂದರೆ ಎದ್ದು ಚಹಾ ಕುಡಿದು ಬರಬೇಕು. ಬಿಸಿ ಅಳೆಯುವ ಪಿಸ್ತೂಲಿನಂಥ ಉಪಕರಣ ಈಗ ಅಗ್ಗದಲ್ಲಿ ಸಿಗುತ್ತದೆ, ಅದೊಂದು ಕೈಯಲ್ಲಿದ್ದರೆ ಅಂದಾಜಿನ ಗೊಡವೆಯೇ ಇಲ್ಲ.

ನೀರು ಸುರಿಯುವುದಂತೂ ಬೇಡವೇ ಬೇಡ. ಕಾದ ಉಕ್ಕನ್ನು ನೀರಿನಲ್ಲಿ ಅದ್ದಿ ಗಡುಸು ಮಾಡುವುದು ಕತ್ತಿ ಮಾಡುವ ಕಮ್ಮಾರನಿಗೆ ಬೇಕಾದ ಗುಣ. ಆಕ್ಸಲ್‌ನ ಬೆಸುಗೆ ಗಡುಸಾದಷ್ಟೂ ಬಿರಿಯಲು ಹತ್ತಿರವಾಗುತ್ತದೆ. ಮಾಡಿನ ತೂತಿನಿಂದ ತೊಟ್ಟಿಕ್ಕುವ ಮಳೆಹನಿ ಬಿದ್ದರೂ ಅಷ್ಟು ಜಾಗಕ್ಕೆ ಅದೇ ಗತಿ. ಮಳೆಗಾಲದಲ್ಲಿ ಈ ಕೆಲಸ ಎಲ್ಲಿ ನಿಂತು ಮಾಡುತ್ತಾರೆ ಎಂದು ಗಾಡಿಯವರು ಒಮ್ಮೆ ತಲೆ ಎತ್ತಿ ನೋಡುವುದು ಒಳ್ಳೆಯದು.

ಕೊಳವೆಯೋ ಎರಕವೋ?

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಂದಿನಿಂದ ಶಿವಮೊಗ್ಗ ಜಿಲ್ಲೆಗೆ ಎರಕದ ಕಬ್ಬಿಣದ ಪರಿಚಯ ಚೆನ್ನಾಗಿದೆ. ಶಿವಮೊಗ್ಗದ ಸುತ್ತ ಈಗಲೂ ವಾಹನಗಳ ಬಿಡಿಭಾಗ ಎರೆಯುವ ಫೌಂಡ್ರಿಗಳಿವೆ. ಎರಕಕ್ಕೂ ಉಕ್ಕಿನ ಕೊಳವೆಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಜೀಪಿನ ಬಗೆಯ ಆಕ್ಸಲ್‌ಗಳಲ್ಲಿ ನಡುವಿನ ಉಬ್ಬು ಎರಕದ್ದು, ಎರಡು ಬದಿಯ ಕೊಳವೆಗಳು ಉಕ್ಕಿನವು.

ಎರಕದ ಕಬ್ಬಿಣದಲ್ಲಿ ಇಂಗಾಲ ಹೆಚ್ಚು. ಸಾಮಾನ್ಯ ರಾಡಿನಿಂದ ತಣ್ಣಗಿರುವಾಗಲೇ ಅದಕ್ಕೆ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಗಾಜಿನಂತೆ ಗಡುಸಾದ ಪದರ ಮೂಡುತ್ತದೆ. ಕೆಲವೊಮ್ಮೆ ಆರುವಾಗಲೇ ಟಣ್ಣೆಂದು ಸೀಳುವ ಸದ್ದು ಕೇಳುತ್ತದೆ. ಅದಕ್ಕೆ ನಿಕ್ಕಲ್ ರಾಡು, ಮೊದಲೇ ಒಂದೇ ಸಮನೆ ಕಾಸುವುದು, ಆಮೇಲೆ ಸುಣ್ಣದ ಪುಡಿಯಲ್ಲೋ ಒಣ ಮರಳಿನಲ್ಲೋ ಹೂತು ನಿಧಾನಕ್ಕೆ ಆರಿಸುವುದು ಬೇಕು. ರಸ್ತೆ ಬದಿಯ ಅಂಗಡಿಯಲ್ಲಿ ಅಷ್ಟೆಲ್ಲ ಆಗದು. ಬ್ರಾಕೆಟ್ ಎರಕದ ಭಾಗದ ಮೇಲೇ ಬರುತ್ತದೆ ಎಂದಾದರೆ ಬೆಸೆಯದೆ ಬೋಲ್ಟ್ ಹಾಕಿ ಬಿಗಿಯುವ ದಾರಿ ಹುಡುಕುವುದೋ ಹೌಸಿಂಗನ್ನೇ ಬದಲಿಸುವುದೋ ಮೇಲು. 'ಇದು ನನ್ನಿಂದಾಗದು' ಎಂದು ಗಾಡಿ ವಾಪಸು ಕಳಿಸುವ ವೆಲ್ಡರ್‌ನ ಮೇಲೆ ನನಗೆ ಬಹಳ ಗೌರವವಿದೆ. ಅವನು ಆ ದಿನದ ಕೂಲಿ ಬಿಟ್ಟು ನಮ್ಮ ಜೀವ ಉಳಿಸಿದ್ದಾನೆ.

ಮೊದಲು ಅಳತೆ

ಕಿತ್ತುಹೋದ ಸೀಟು ಇದ್ದ ಜಾಗದಲ್ಲೇ ಹೊಸದು ಕೂರಿಸುವುದು ಸುಲಭ ಎಂದು ಕಾಣುತ್ತದೆ. ಹಳೆಯ ಬೆಸುಗೆಯನ್ನು ಗ್ರೈಂಡರಿನಿಂದ ಉಜ್ಜಿ ಕೊಳವೆ ನುಣುಪು ಮಾಡಿಬಿಟ್ಟರೆ ಗುರುತೇ ಅಳಿದುಹೋಗುತ್ತದೆ. ಹಾಗಾಗಿ ಕೀಳುವ ಮೊದಲೇ ಎರಡು ಸೀಟುಗಳ ನಡುವಿನ ದೂರ, ಬ್ರೇಕ್ ಡ್ರಮ್ಮಿನ ತಟ್ಟೆಯಿಂದ ಸೀಟಿಗೆ ಇರುವ ದೂರ, ಸೀಟಿನ ಓರೆ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ಓರೆ ಯಾಕೆ ಮುಖ್ಯ? ಸೀಟು ಕೊಳವೆಯ ಮೇಲೆ ಯಾವ ಕೋನದಲ್ಲಿ ಕೂತಿದೆಯೋ ಅದರ ಮೇಲೆ ಪಿನಿಯನ್ನಿನ ಮೂತಿ ಎತ್ತ ನೋಡುತ್ತದೆ ಎಂಬುದು ನಿಲ್ಲುತ್ತದೆ. ಗೇರ್ ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಎರಡು ತುದಿಯಲ್ಲೂ ಯುಜೆ ಕ್ರಾಸ್ ಎಂಬ ಬಾಗುವ ಕೀಲು ಇರುತ್ತದೆ. ಒಂದು ಕ್ರಾಸ್ ಮಾತ್ರ ಬಾಗಿದ್ದರೆ ಶಾಫ್ಟ್ ಒಂದೇ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಎರಡೂ ಕ್ರಾಸ್‌ಗಳು ಸಮನಾಗಿ ಬಾಗಿದ್ದಾಗ, ಅಂದರೆ ಗೇರ್ ಬಾಕ್ಸಿನ ಶಾಫ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿದ್ದಾಗ, ಒಂದರ ಏರುಪೇರನ್ನು ಇನ್ನೊಂದು ಅಳಿಸಿಹಾಕುತ್ತದೆ. ಸೀಟಿನ ಓರೆ ತಪ್ಪಿದರೆ ಗಾಡಿ ಒಂದು ವೇಗದಲ್ಲಿ ಗಡಗಡ ನಡುಗುತ್ತದೆ, ಕ್ರಾಸ್‌ಗಳು ಪದೇ ಪದೇ ಹೋಗುತ್ತವೆ.

ಮುಂದಿನ ಆಕ್ಸಲ್‌ನಲ್ಲಿ ತಪ್ಪಿದರೆ ಇನ್ನೂ ಕಷ್ಟ. ಅಲ್ಲಿ ಸೀಟಿನ ಓರೆಯೇ ಸ್ಟೇರಿಂಗಿನ ಕಿಂಗ್ ಪಿನ್ ಎಷ್ಟು ಹಿಂದಕ್ಕೆ ವಾಲಿದೆ ಎಂಬುದನ್ನು ನಿರ್ಧರಿಸುತ್ತದೆ. ಆ ವಾಲು ಇರುವುದರಿಂದಲೇ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಅಲೆದಾಡುತ್ತದೆ. ಹದಿನಾಲ್ಕು ತಿರುವಿನ ಘಾಟಿಯಲ್ಲಿ ಅಂಥ ಸ್ಟೇರಿಂಗ್ ಹಿಡಿದು ಕೂರುವುದು ಎಂಥದೆಂದು ವಿವರಿಸಬೇಕಿಲ್ಲ.

ಇದಕ್ಕೆಲ್ಲ ದುಬಾರಿ ಯಂತ್ರ ಬೇಡ. ಗಾರೆ ಕೆಲಸದವರು ಬಳಸುವ ರಸಮಟ್ಟ, ಒಂದು ಮೂಲೆಮಟ್ಟ, ಟೇಪು ಸಾಕು. ಕೋನ ತೋರಿಸುವ ಆಪ್ ಈಗ ಮೊಬೈಲಿನಲ್ಲೇ ಇದೆ. ಮಾಡುವ ಕ್ರಮ ಇಷ್ಟು: ಸೀಟನ್ನು ಎರಡು ಮೂರು ಕಡೆ ಟ್ಯಾಕ್ (ಚುಕ್ಕಿ ಬೆಸುಗೆ) ಮಾತ್ರ ಹಾಕಿ ನಿಲ್ಲಿಸಬೇಕು. ಪ್ಲೇಟು, ಯು ಬೋಲ್ಟು, ಚಕ್ರ ಹಾಕಿ ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ಅದರ ಸ್ವಂತ ಭಾರದಲ್ಲಿ ನಿಲ್ಲಿಸಬೇಕು, ಓಡಿಸಬಾರದು. ಪಿನಿಯನ್ನಿನ ಕೋನ, ಎಡ-ಬಲ ಎರಡೂ ಬದಿಗಳಲ್ಲಿ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ, ಮೂಲೆಯಿಂದ ಮೂಲೆಗೆ ಅಳತೆ ಎಲ್ಲ ನೋಡಬೇಕು. ಸರಿಯಿದ್ದರೆ ಮತ್ತೆ ಎಲ್ಲ ಬಿಚ್ಚಿ ಆಮೇಲೆ ಪೂರ್ತಿ ಬೆಸೆಯಬೇಕು. ಎರಡು ಸಲ ಕಟ್ಟಿ ಬಿಚ್ಚುವ ಈ ಶ್ರಮಕ್ಕೆ ಗಿರಾಕಿ ಕೂಲಿ ಕೊಡಲು ತಯಾರಿರಬೇಕು. ಚೌಕಾಸಿ ಮಾಡಿ ಅರ್ಧ ದಿನದ ಕೆಲಸವನ್ನು ಅರ್ಧ ಗಂಟೆಗೆ ಇಳಿಸುವವರು ನಾವೇ. ಆಮೇಲೆ ವೆಲ್ಡರ್‌ನನ್ನು ದೂರುವುದು ನ್ಯಾಯವಲ್ಲ.

ಬಿಚ್ಚದೆ ಬೆಸೆದರೆ

ಗಾಡಿಯ ಕೆಳಗೆ ಮಲಗಿಕೊಂಡೇ ಬೆಸೆಯುವ ರೂಢಿ ಎಲ್ಲೆಡೆ ಇದೆ. ಆಕ್ಸಲ್ ಕಳಚಿ ಹೊರಗೆ ತಂದು ಸ್ಟ್ಯಾಂಡಿನ ಮೇಲಿಟ್ಟು ಮಾಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಕಡೇಪಕ್ಷ ಗೇರ್ ಆಯಿಲ್ ಸುರಿದು ತೆಗೆದು, ಶಾಫ್ಟುಗಳನ್ನು ಎಳೆದು, ಬ್ರೇಕ್ ಪೈಪು ಬಿಚ್ಚಬೇಕು. ಆಯಿಲ್ ಸೀಲಿನ ರಬ್ಬರು ನೂರು-ನೂರಿಪ್ಪತ್ತು ಡಿಗ್ರಿಗೇ ಗಟ್ಟಿಯಾಗಿ ಸೀಳತೊಡಗುತ್ತದೆ. ಹೌಸಿಂಗಿನ ಒಳಗೆ ಎಣ್ಣೆಯ ಆವಿ ತುಂಬಿ ಗಾಳಿಯಾಡುವ ತೂತು, ಅಂದರೆ ಬ್ರೀದರ್, ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರುತ್ತದೆ, ಹೊತ್ತಿಕೊಳ್ಳಲೂಬಹುದು.

ಒಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಬ್ರೇಕ್ ಭಾಗ ತೊಳೆಯುವ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಬೆರೆತ ದ್ರಾವಕ ಇರುತ್ತದೆ. ಅದರಿಂದ ಜಿಡ್ಡು ತೆಗೆದು, ಪೂರ್ತಿ ಒಣಗುವ ಮೊದಲೇ ವೆಲ್ಡಿಂಗ್ ಹಚ್ಚಿದರೆ ಆ ತಾಪಕ್ಕೂ ಬೆಳಕಿಗೂ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಅನಿಲವದು. ಉಸಿರಾಡಿದವರಿಗೆ ತಕ್ಷಣ ಏನೂ ಅನ್ನಿಸದೆ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಬೆಸೆಯುವ ಜಾಗವನ್ನು ತಂತಿ ಬ್ರಷ್ಷು, ಗ್ರೈಂಡರ್‌ನಿಂದ ಉಜ್ಜಿ ಹೊಳೆಯುವ ಲೋಹ ಬರಿಸಿ. ಜಿಡ್ಡಿಗೆ ಸೋಪಿನ ಬಿಸಿನೀರು ಬಳಸಿ, ತೊಳೆದು ಒಣಗಿಸಿ. ಸ್ಪ್ರೇ ಅಲ್ಲಿ ಹತ್ತಿರವೂ ಬೇಡ.

ಅರ್ಥ್ ಕ್ಲಾಂಪನ್ನು ಎಲ್ಲಿ ಕಚ್ಚಿಸುತ್ತಾರೆ ಎಂಬುದನ್ನೂ ಗಮನಿಸಿ. ಕೈಗೆ ಸಿಕ್ಕಿತೆಂದು ಚಾಸಿಗೋ ಬ್ರೇಕ್ ಡ್ರಮ್ಮಿಗೋ ಹಚ್ಚಿದರೆ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹಾದುಹೋಗುತ್ತದೆ. ಗುಂಡು ಮತ್ತು ಅದರ ಹಾದಿಯ ನಡುವೆ ಸಣ್ಣ ಕಿಡಿಗಳು ಹಾರಿ ಚುಕ್ಕಿ ಚುಕ್ಕಿ ಗುಳಿ ಬೀಳುತ್ತವೆ. ಒಂದು ತಿಂಗಳಲ್ಲಿ ಬೇರಿಂಗ್ ಕೂಗುತ್ತದೆ. ಕ್ಲಾಂಪು ಬೆಸೆಯುವ ಕೊಳವೆಯ ಮೇಲೇ, ಬೆಸುಗೆಗೆ ಆದಷ್ಟು ಹತ್ತಿರ, ಉಜ್ಜಿದ ಲೋಹಕ್ಕೆ ಕಚ್ಚಿರಬೇಕು. ಗಾಡಿಯಲ್ಲೇ ಬೆಸೆಯುವ ಅನಿವಾರ್ಯ ಬಂದರೆ ಬ್ಯಾಟರಿ ತಂತಿ ಬಿಚ್ಚಬೇಕು. ಹೊಸ ಬಿಎಸ್ 6 ಗಾಡಿಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯ ಸಾಕೆಟ್ಟನ್ನೂ ಕಳಚಬೇಕು.

ಜಾಕಿಯೊಂದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬಾರದು. ಮಳೆಗಾಲದ ಒದ್ದೆ ನೆಲದಲ್ಲಿ ಒಣ ಹಲಗೆಯ ಮೇಲೆ ನಿಂತು, ಒಣ ಕೈಗವಸು ಹಾಕಿ ರಾಡು ಹಿಡಿಯಬೇಕು. ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ.

ತೇವ ಕುಡಿಯುವ ರಾಡು

ವೆಲ್ಡಿಂಗ್ ಅಂಗಡಿಯಲ್ಲಿ ಹೆಚ್ಚು ಕಾಣುವುದು 6013 ಎಂಬ ಸಾಮಾನ್ಯ ರಾಡು. ಗ್ರಿಲ್, ಗೇಟು, ಷೀಟಿಗೆ ಅದು ಧಾರಾಳ. ಭಾರ ಹೊರುವ, ಸದಾ ಅಲುಗುವ ಜೋಡಣೆಗೆ 7018 ಎಂಬ ಬಗೆಯನ್ನು ಬಳಸುವುದು ವಾಡಿಕೆ. ಅದರ ಲೇಪನದಿಂದ ಬೆಸುಗೆಗೆ ಸೇರುವ ಹೈಡ್ರೋಜನ್ ಬಹಳ ಕಡಿಮೆ. ಬೆಸುಗೆಯೂ ಹೆಚ್ಚು ಬಳುಕು ತಾಳುತ್ತದೆ.

ಒಂದೇ ಷರತ್ತು: ರಾಡು ಒಣಗಿರಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ. ತೆರೆದಿಟ್ಟ ರಾಡಿನ ಪ್ಯಾಕೆಟ್ ಮಾತ್ರ ಒಣಗಿ ಉಳಿಯುತ್ತದೆಯೇ? ಲೇಪನ ಕುಡಿದ ತೇವ ಬೆಂಕಿಯಲ್ಲಿ ಒಡೆದು ಹೈಡ್ರೋಜನ್ ಆಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಅದರ ಕೇಡು ಆಗಲೇ ಕಾಣಿಸದು. ಬೆಸುಗೆ ತಣ್ಣಗಾಗಿ ಕೆಲವು ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ, ಒಳಗಿನಿಂದ ಬಿರುಕು ಬಿಡುತ್ತದೆ. ಸಂಜೆ ನೋಡಿದಾಗ ಚೆಂದವಿದ್ದ ಬೆಸುಗೆ ಬೆಳಿಗ್ಗೆ ಹಾಗಿರಬೇಕೆಂದಿಲ್ಲ.

ಹಾಗಾಗಿ ಈ ರಾಡುಗಳನ್ನು ತಯಾರಕರು ಪ್ಯಾಕೆಟ್ಟಿನ ಮೇಲೆ ಹೇಳಿದ ಬಿಸಿಯಲ್ಲಿ, ಸಾಮಾನ್ಯವಾಗಿ 300 ಡಿಗ್ರಿಯ ಸುತ್ತಮುತ್ತ, ಗಂಟೆಯ ಮೇಲೆ ಒಣಗಿಸಿ, ಬೆಚ್ಚಗಿನ ಡಬ್ಬದಿಂದ ಒಂದೊಂದಾಗಿ ತೆಗೆದು ಬಳಸಬೇಕು. ರಾಡು ಒಣಗಿಸುವ ಸಣ್ಣ ವಿದ್ಯುತ್ ಒಲೆ ಮಲೆನಾಡಿನ ಪ್ರತಿ ಪೇಟೆಯ ಒಂದಾದರೂ ಅಂಗಡಿಯಲ್ಲಿ ಇರಬೇಕಾದದ್ದು. ಬೆಸೆಯುವ ಮೊದಲು ಕೊಳವೆಯನ್ನೂ ಗ್ಯಾಸ್ ಜ್ವಾಲೆಯಿಂದ ಕೈ ಸುಡುವಷ್ಟು ಬೆಚ್ಚಗೆ ಮಾಡಿಕೊಂಡರೆ ಮೈಮೇಲಿನ ತೇವವೂ ಹೋಗುತ್ತದೆ.

ಇನ್ನೊಂದು ತೊಂದರೆ ಕರೆಂಟಿನದು. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿಯ ದಡದ ಹಳ್ಳಿಗಳಲ್ಲೇ ಮಳೆಗಾಲದಲ್ಲಿ ವೋಲ್ಟೇಜ್ ಬೀಳುವುದು ಈ ಸೀಮೆಯವರಿಗೆ ಹಳೆಯ ನೋವು. ವೋಲ್ಟೇಜ್ ಇಳಿದರೆ ಯಂತ್ರಕ್ಕೆ ಬೇಕಾದಷ್ಟು ಆಂಪಿಯರ್ ಬರದು. ರಾಡು ಕರಗಿ ಮೇಲೆ ಕೂರುತ್ತದೆ, ಕೆಳಗಿನ ದಪ್ಪ ಕೊಳವೆ ಕರಗುವುದೇ ಇಲ್ಲ. ಹೊರಗಿನಿಂದ ತುಂಬಿದಂತೆ ಕಾಣುವ ಈ ಬೆಸುಗೆಗೆ ಹಿಡಿತವೇ ಇರುವುದಿಲ್ಲ. ಅಂಥ ದಿನ ಆಕ್ಸಲ್ ಕೆಲಸ ಮುಂದೂಡುವುದೇ ಸರಿ.

ಪ್ಲೇಟಿಗೆ ಕಿಡಿ ತಾಗದಿರಲಿ

ಕಮ್ಮಾರರನ್ನು ಕೇಳಿ, ಒಳ್ಳೆಯ ಕತ್ತಿಗೆ ಲಾರಿಯ ಹಳೆಯ ಪ್ಲೇಟೇ ಬೇಕು ಎನ್ನುತ್ತಾರೆ. ಪ್ಲೇಟಿನ ಉಕ್ಕನ್ನು ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಸಿ ಬಳುಕುವ ಗುಣ ತಂದಿರುತ್ತಾರೆ. ಆ ಹದ ಕೆಡಲು ವೆಲ್ಡಿಂಗಿನ ಒಂದು ಸ್ಪರ್ಶ ಸಾಕು. ಸಿಡಿದ ಲೋಹದ ಒಂದು ಕಾಳು ಪ್ಲೇಟಿಗೆ ಅಂಟಿದರೂ ಅಲ್ಲಿ ಗಡುಸು ಚುಕ್ಕಿಯಾಗಿ ಬಿರುಕಿಗೆ ಮೊದಲಾಗುತ್ತದೆ. ಕೆಲಸ ನಡೆಯುವಾಗ ಪ್ಲೇಟುಗಳನ್ನು ದೂರವಿಡಬೇಕು, ಇಲ್ಲವೇ ಒದ್ದೆ ಗೋಣಿ ಮುಚ್ಚಬೇಕು. ಕಟ್ಟಾದ ಪ್ಲೇಟನ್ನು ಬೆಸೆದು ಮತ್ತೆ ಹಾಕುವವರನ್ನು ಕಂಡರೆ ದಯವಿಟ್ಟು ಆ ಗಾಡಿ ಹತ್ತಬೇಡಿ. ಯು ಬೋಲ್ಟಿಗೂ ಅದೇ ಮಾತು. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟನ್ನು ಮತ್ತೆ ಬಳಸದೆ ಹೊಸದು ಹಾಕಬೇಕು.

ಎತ್ತರಿಸುವ ಆಸೆ

ಕಿತ್ತುಹೋದದ್ದನ್ನು ಕೂರಿಸುವುದು ರಿಪೇರಿ. ಹಳೆಯ ಜೀಪನ್ನು ಎತ್ತರಿಸಲೆಂದು ಆಕ್ಸಲ್‌ನ ಕೆಳಗಿದ್ದ ಪ್ಲೇಟುಗಳನ್ನು ಮೇಲಕ್ಕೆ ತಂದು ಹೊಸ ಸೀಟು ಬೆಸೆಯುವುದು ಬೇರೆಯೇ ಸಂಗತಿ. ಗಾಡಿ ನಾಲ್ಕೈದು ಇಂಚು ಏರುತ್ತದೆ, ದೊಡ್ಡ ಟೈರು ಕೂರುತ್ತದೆ, ನೋಡಲು ಗತ್ತು. ಜೊತೆಗೆ ಬ್ರೇಕ್ ಹೋಸುಗಳು ಗಿಡ್ಡವಾಗುತ್ತವೆ, ಸ್ಟೇರಿಂಗಿನ ಸಲಾಕೆ ಓರೆಯಾಗಿ ಪ್ರತಿ ಗುಂಡಿಗೂ ಚಕ್ರ ತಾನೇ ತಿರುಗತೊಡಗುತ್ತದೆ, ಪಲ್ಟಿಯಾಗುವ ಸಂಭವ ಹೆಚ್ಚುತ್ತದೆ.

ಕಾನೂನೂ ಒಪ್ಪುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬಾಡಿಗೆಗೆ ಓಡುವ ಗಾಡಿಗಳು ಎಫ್‌ಸಿಗೆ ನಿಂತಾಗಲೂ, ಅಪಘಾತವಾಗಿ ವಿಮೆ ಕೇಳುವಾಗಲೂ ಈ ಪ್ರಶ್ನೆ ಎದುರಾಗುತ್ತದೆ.

ಗಾಡಿ ಕೈಗೆ ಬಂದ ಮೇಲೆ

ಬೆಸುಗೆ ಪೂರ್ತಿ ಆರಿದ ಮೇಲೆ ಕಿಟ್ಟ ಕುಟ್ಟಿ ತೆಗೆದು, ಬ್ರಷ್ ಹೊಡೆದು ನೋಡಬೇಕು. ಬಣ್ಣ ಬಳಿಯಲು ಆತುರ ಬೇಡ. ಬಣ್ಣ ಬಿದ್ದರೆ ಬಿರುಕು ಮುಚ್ಚಿಹೋಗುತ್ತದೆ. ಬಿರುಕು ಹುಡುಕುವ ಕೆಂಪು ದ್ರವದ ಡಬ್ಬಗಳು ಬೆಸುಗೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಮೊದಲು ಕೆಂಪು ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಒಸರುತ್ತದೆ. ಅದು ಸಿಗದಿದ್ದರೆ ಹಳೆಯ ಉಪಾಯ ಇದ್ದೇ ಇದೆ: ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಒರೆಸಿ, ಮೇಲೆ ಸುಣ್ಣದ ಕಡ್ಡಿ ತೀಡಿದರೆ ಬಿರುಕಿನ ಜಾಡು ಒದ್ದೆಯಾಗಿ ಮೂಡುತ್ತದೆ. ಸಾಧ್ಯವಾದರೆ ಮರುದಿನ ಬೆಳಿಗ್ಗೆ ನೋಡಿ. ಹೈಡ್ರೋಜನ್ನಿನ ಬಿರುಕು ತಡವಾಗಿ ಬರುವುದು ನೆನಪಿದೆಯಲ್ಲ.

ಶಾಫ್ಟ್ ತಿರುಗಿ ಹಾಕುವಾಗ ಅದು ಕೈಯಲ್ಲೇ ಸಲೀಸಾಗಿ ಜಾರಿ ಕೂರಬೇಕು. ಸುತ್ತಿಗೆ ಹೊಡೆಯಬೇಕಾಯಿತು ಎಂದರೆ ಹೌಸಿಂಗ್ ಬಾಗಿದೆ ಎಂದೇ ಅರ್ಥ. ಹೊಸ ಸೀಲ್, ಹೊಸ ಗೇರ್ ಆಯಿಲ್ ಹಾಕಿಸಿ, ಬ್ರೇಕಿನ ಗಾಳಿ ತೆಗೆಸಿ.

ಮೊದಲ ನೂರು ಕಿಲೋಮೀಟರ್ ಯಾತ್ರಿಕರನ್ನು ಹೇರದೆ, ಘಾಟಿ ಇಳಿಸದೆ ಖಾಲಿ ಓಡಿಸಿ. ಆಮೇಲೆ ಯು ಬೋಲ್ಟಿನ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಇನ್ನೊಮ್ಮೆ ಬಿಗಿಸಿ. ಹೊಸ ಸೀಟಿನ ಮೇಲೆ ಪ್ಲೇಟು ಸ್ವಲ್ಪ ಕೂರುವುದರಿಂದ ಅವು ಸಡಿಲವಾಗಿರುತ್ತವೆ. ಐನೂರು ಕಿಲೋಮೀಟರಿಗೆ ಮತ್ತೊಮ್ಮೆ ಬಿಗಿಸಿ, ಆಗಲೇ ಚಕ್ರದ ಒಳಮೈ ಎಣ್ಣೆಯಿಂದ ಒದ್ದೆಯಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಒಂದೇ ಬದಿ ಒದ್ದೆಯಿದ್ದರೆ ಸೀಲ್ ಮಾತ್ರ ಬದಲಿಸಿ ಸುಮ್ಮನಾಗಬೇಡಿ, ಹೌಸಿಂಗ್ ನೇರವಿದೆಯೇ ಎಂದು ಅಳೆಸಿ.